ಕೋರ್ಟಿನ ಶೀಘ್ರಲಿಪಿಗಾರರಾಗಲು ಎಂಥ ಶಾಲೆ ಸೇರಬೇಕು?

ಶೀಘ್ರಲಿಪಿಗಾರ ಹುದ್ದೆಗೆ ಕರ್ನಾಟಕದ ಜಿಲ್ಲಾ ನ್ಯಾಯಾಲಯಗಳು ಸಾಮಾನ್ಯವಾಗಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರೌಢ ದರ್ಜೆಯ ಬೆರಳಚ್ಚು ಮತ್ತು ಶೀಘ್ರಲಿಪಿ ಕೇಳುತ್ತವೆ. ಈ ದರ್ಜೆಯ ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಶಾಲೆಯವರೇ ಅಚ್ಚುಹಾಕಿಸಿ ಕೊಡುವ ಸರ್ಟಿಫಿಕೇಟು ಮಂಡಳಿಯ ಪ್ರಮಾಣಪತ್ರಕ್ಕೆ ಬದಲಾಗದು. ಶಾಲೆ ಊರಿಗೆ ಹತ್ತಿರವಿದೆ ಎಂಬುದೊಂದೇ ಕಾರಣ ಸಾಲದು. ಬರೀ ಇಂಗ್ಲಿಷ್ ಟೈಪಿಂಗ್ ಕಲಿಸುವ ಕಡೆ ಅರ್ಹತೆ ಅರ್ಧಕ್ಕೇ ನಿಲ್ಲುತ್ತದೆ.

1837ರಲ್ಲಿ ಬಂದ ಪಿಟ್‌ಮನ್ ಶೀಘ್ರಲಿಪಿ ಪದ್ಧತಿಯಲ್ಲಿ ತೆಳು ಗೆರೆ ‘ಪ’, ಅದೇ ಗೆರೆ ದಪ್ಪವಾದರೆ ‘ಬ’; ವೇಗ ಹೆಚ್ಚಿದಂತೆ ಸ್ವರಚಿಹ್ನೆಗಳು ಬಿಟ್ಟುಹೋಗುತ್ತವೆ. ಹಾಗಾಗಿ ನಿತ್ಯ ಉಕ್ತಲೇಖನ ಕೊಟ್ಟು, ಬರೆದದ್ದನ್ನು ಓದಿಸಿ, ಅಂದೇ ಟೈಪ್ ಮಾಡಿಸಿ ತಿದ್ದುವ ಗುರು ಬೇಕು. ಕಂಪ್ಯೂಟರುಗಳ ಸಾಲು ಆಮೇಲಿನ ಮಾತು. ಫೀಸು ಕಟ್ಟುವ ಮುನ್ನ ಒಂದು ತಾಸು ತರಗತಿಯಲ್ಲಿ ಕುಳಿತು ನೋಡುವುದು ಒಳ್ಳೆಯದು.