48 ಇಂಚಿನ ಹುಡುಗಿ ಮತ್ತು ಚೌಕಟ್ಟಿನ ಅಂಚು

1908ರಲ್ಲಿ ಲೂಯಿಸ್ ಹೈನ್ ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಲ್ಯಾಂಕಾಸ್ಟರ್ ಹತ್ತಿಗಿರಣಿಯಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರವೊಂದಿದೆ. ನೂಲುವ ಯಂತ್ರದ ಪಕ್ಕ ಸ್ಯಾಡಿ ಫೈಫರ್ ಎಂಬ ಪುಟ್ಟ ಹುಡುಗಿ ನಿಂತಿದ್ದಾಳೆ. ಇದರ ವಿನ್ಯಾಸ ಬಹಳ ಚೆಂದ ಅಂತಾರೆ. ಆ ಚೆಂದ ಏನು ಕೆಲಸ ಮಾಡುತ್ತದೆ ಅನ್ನೋದು ನನ್ನ ಪ್ರಶ್ನೆ.

ಯಂತ್ರದ ಸಾಲು ಚಿತ್ರದ ಮುಂಭಾಗದಿಂದ ಓರೆಯಾಗಿ ಒಳಕ್ಕೆ ಓಡಿ ದೂರದಲ್ಲಿ ಕಿರಿದಾಗುತ್ತದೆ. ನಮ್ಮ ಕಣ್ಣೂ ಆ ಗೆರೆಯ ಹಿಂದೆಯೇ ಓಡುತ್ತದೆ. ಆ ಉದ್ದದ ಮುಂದೆ ಹುಡುಗಿ ಇನ್ನಷ್ಟು ಪುಟ್ಟಗೆ ಕಾಣ್ತಾಳೆ. ಅವಳ ದುಡಿಮೆಗೆ ಕೊನೆಯಿಲ್ಲ ಎಂಬುದನ್ನು ಗೆರೆಯೇ ಹೇಳಿಬಿಡುತ್ತದೆ.

ಹೈನ್ ಅವಳ ಹೆಸರು ಬರೆದ. 48 ಇಂಚು ಎತ್ತರ, ಅರ್ಧ ವರ್ಷದಿಂದ ಕೆಲಸದಲ್ಲಿದ್ದಾಳೆ ಎಂದೂ ಬರೆದ. ಇದು ಸಣ್ಣ ಮಾತಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಆಡಳಿತ ಹೊರತಂದ 'ದಿ ಪೀಪಲ್ ಆಫ್ ಇಂಡಿಯಾ'ದ ಎಂಟು ಸಂಪುಟಗಳಲ್ಲಿ ಚಿತ್ರಗಳ ಕೆಳಗೆ ಹೆಚ್ಚಾಗಿ ಬಿದ್ದದ್ದು ಜಾತಿಯ, ಬುಡಕಟ್ಟಿನ ಹೆಸರು. ನಿಂತವನಿಗೂ ಒಂದು ಹೆಸರಿತ್ತಲ್ಲ!

ನನ್ನ ಪ್ರೈಮರಿ ಶಾಲೆಯ ಗ್ರೂಪ್ ಫೋಟೋದಲ್ಲಿ ಕೇರಿಯ ಮಕ್ಕಳು ನಾವು ಕೊನೆ ಸಾಲಿನ ತುದಿಯಲ್ಲಿದ್ದೆವು. ನನ್ನ ಒಂದು ಭುಜ ಅಂಚಿಗೆ ಕತ್ತರಿಸಿ ಹೋಗಿದೆ. ಕೇಳಿದ್ದಕ್ಕೆ ಮೇಷ್ಟ್ರು, "ಜಾಗ ಸಾಲಲಿಲ್ಲ ಕಣೋ" ಅಂದರು. ನಡುವೆ ಕುರ್ಚಿಗಳಿಗೆ ಜಾಗ ಸಾಕಾಗಿತ್ತು.

ಹೈನ್‌ನ ಕಾಳಜಿಯ ಮೇಲೆ ನನಗೆ ಅನುಮಾನವಿಲ್ಲ. ಆದರೂ ಸ್ಯಾಡಿ ಏನಂದಳೋ ಚಿತ್ರದಲ್ಲಿಲ್ಲ. ಅವಳನ್ನು ಅಳೆದವನ ಮಾತಷ್ಟೇ ಉಳಿದಿದೆ. ಆದ್ದರಿಂದ ಯಾವ ಚಿತ್ರ ಸಿಕ್ಕರೂ ನಾನು ಮೊದಲು ಅಂಚು ನೋಡುತ್ತೇನೆ, ಆಮೇಲೆ ನಡುವೆ.