ಪ್ರೋಗ್ರಾಂ ಅಲ್ಲಿ ಓಡುತ್ತೆ, ಇಲ್ಲಿ ಓಡಲ್ಲ: ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲೇಬೇಕೇ?

ಒಂದು ಉದಾಹರಣೆ ಊಹಿಸಿಕೊಳ್ಳಿ. ಕುಪ್ಪೇಲೂರಿನ ವಿದ್ಯಾರ್ಥಿನಿಯೊಬ್ಬಳು ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟಿದ್ದಾಳೆ. ಆ ಫೋಟೊಗಳಿಂದ ಅಕ್ಷರಗಳನ್ನು ಓದಿ ಟೈಪ್ ಮಾಡಿದ ಪಠ್ಯವಾಗಿಸಲು ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದಾಳೆ. ಅಕ್ಷರ ಗುರುತಿಸುವ ಕೆಲಸ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶದ್ದು; ಅದು ಕನ್ನಡವನ್ನೂ ಓದಬಲ್ಲದು. ರಾಣೆಬೆನ್ನೂರಿನ ಗೆಳತಿಯ ಹೊಸ ಲ್ಯಾಪ್‌ಟಾಪ್‌ನಲ್ಲಿ (ಉಬುಂಟು 24.04) ಕಂಪೈಲ್ ಮಾಡಿದಾಗ ಪ್ರೋಗ್ರಾಂ ಚೆನ್ನಾಗಿ ಓಡಿತು. ಅದನ್ನೇ ಪೆನ್‌ಡ್ರೈವ್‌ಗೆ ಹಾಕಿ ತಂದು ಮನೆಯ ಹಳೆ ಲ್ಯಾಪ್‌ಟಾಪ್‌ನಲ್ಲಿ (ಉಬುಂಟು 20.04) ಕ್ಲಿಕ್ ಮಾಡಿದರೆ ಏನೂ ಆಗಲಿಲ್ಲ. ಟರ್ಮಿನಲ್‌ನಲ್ಲಿ ನೋಡಿದರೆ ಲೈಬ್ರರಿ ಫೈಲ್ ಸಿಗಲಿಲ್ಲ ಎಂಬ ಸಂದೇಶ.

"ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡು" ಎನ್ನುವವರು ಒಬ್ಬರು. "ಆ ಫೈಲನ್ನು ನೆಟ್‌ನಿಂದ ಇಳಿಸಿ ಹಾಕು" ಎನ್ನುವವರು ಇನ್ನೊಬ್ಬರು. ಮೊದಲನೆಯ ಸಲಹೆ ಕೇಳಿದರೆ ಆ ಡಿಸ್ಕಿನಲ್ಲಿರುವ ಪುಟಗಳೆಲ್ಲ ಹೋಗುತ್ತವೆ. ಎರಡನೆಯದು ಕೇಳಿದರೆ ಕಂಪ್ಯೂಟರೇ ಏಳದಿರಬಹುದು. ಹಾಗಾದರೆ ನಿಜವಾದ ತೊಂದರೆ ಏನು?

ಹಂಚಿಕೆಯ ಲೈಬ್ರರಿ ಎಂದರೇನು?

ಊರಿನಲ್ಲಿ ಪ್ರತಿ ಮನೆಗೂ ಒಂದೊಂದು ಹಿಟ್ಟಿನ ಗಿರಣಿ ಇರುವುದಿಲ್ಲ. ಒಂದೇ ಗಿರಣಿಗೆ ಎಲ್ಲರೂ ಜೋಳ ಒಯ್ಯುತ್ತಾರೆ. ಕಂಪ್ಯೂಟರಿನಲ್ಲೂ ಹಾಗೆಯೇ. ಫೈಲ್ ತೆರೆಯುವುದು, ಪರದೆಗೆ ಬರೆಯುವುದು ಮುಂತಾದ ಕೆಲಸಗಳ ಕೋಡ್ ಒಂದೇ ಕಡೆ ಇರುತ್ತದೆ, ಪ್ರೋಗ್ರಾಂಗಳೆಲ್ಲ ಅದನ್ನು ಹಂಚಿಕೊಳ್ಳುತ್ತವೆ. ಲಿನಕ್ಸ್‌ನ ಅತಿ ಮುಖ್ಯ ಗಿರಣಿ ಜಿಲಿಬ್‌ಸಿ. ಸಿ ಪ್ಲಸ್ ಪ್ಲಸ್ ಪ್ರೋಗ್ರಾಂಗಳಿಗೆ ಜಿಸಿಸಿ ಕಂಪೈಲರ್ ಜೊತೆ ಬರುವ ಲಿಬ್‌ಎಸ್‌ಟಿಡಿಸಿ ಪ್ಲಸ್ ಪ್ಲಸ್ ಕೂಡ ಬೇಕು.

ಕಂಪೈಲ್ ಆದ ಪ್ರೋಗ್ರಾಂ ಒಳಗೆ ತನಗೆ ಬೇಕಾದ ಲೈಬ್ರರಿಗಳ ಪಟ್ಟಿ ಇರುತ್ತದೆ. ಪ್ರೋಗ್ರಾಂ ಶುರುವಾಗುವಾಗ ಲೋಡರ್ ಆ ಪಟ್ಟಿ ಹಿಡಿದು ಒಂದೊಂದನ್ನೇ ಹುಡುಕುತ್ತದೆ. ಒಂದು ಸಿಗದಿದ್ದರೂ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ತಪ್ಪು ಎರಡು ಬಗೆ

ಮೊದಲನೆಯದು, ಗಿರಣಿಯ ಬೋರ್ಡೇ ಬೇರೆ. ಲೈಬ್ರರಿ ತನ್ನ ಹಳೆಯ ಬಳಕೆದಾರರಿಗೆ ಹೊಂದದಷ್ಟು ಬದಲಾದಾಗ ಹೆಸರಿನ ಕೊನೆಯ ಸಂಖ್ಯೆ ಬದಲಾಗುತ್ತದೆ. ಉಬುಂಟು 20.04ರಲ್ಲಿರುವುದು ಟೆಸರಾಕ್ಟ್‌ನ 4ನೇ ಸಂಖ್ಯೆಯ ಲೈಬ್ರರಿ, 24.04ರಲ್ಲಿರುವುದು 5ನೆಯದು. ಹೊಸದರಲ್ಲಿ ಕಂಪೈಲ್ ಆದ ಪ್ರೋಗ್ರಾಂ 5ನ್ನೇ ಕೇಳುತ್ತದೆ.

ಎರಡನೆಯದು ಸ್ವಲ್ಪ ಗೊಂದಲದ್ದು. ಬೋರ್ಡು ಅದೇ, ಆದರೆ ಒಳಗಿನ ಯಂತ್ರ ಬೇರೆ. ಜಿಲಿಬ್‌ಸಿಯ ಫೈಲ್ ಹೆಸರಿನಲ್ಲಿ 1997ರಿಂದ ಇಂದಿನವರೆಗೂ 6 ಎಂಬ ಸಂಖ್ಯೆಯೇ ಇದೆ. ಹಳೆಯ ಕೆಲಸಗಳನ್ನು ಉಳಿಸಿಕೊಂಡೇ ಅದು ಹೊಸ ಕೆಲಸಗಳನ್ನು ಸೇರಿಸುತ್ತ ಬಂದಿದೆ, ಪ್ರತಿ ಕೆಲಸಕ್ಕೂ ಆವೃತ್ತಿಯ ಚೀಟಿ ಅಂಟಿಸಿದೆ. ಜೋಳ ಬೀಸುವ ಗಿರಣಿಗೆ ಮುಂದೆ ಖಾರದ ಪುಡಿಯ ಯಂತ್ರವೂ ಬಂತು ಎಂದುಕೊಳ್ಳಿ. ಹಳೆಯ ಗಿರಣಿಗೆ ಬ್ಯಾಡಗಿ ಮೆಣಸಿನಕಾಯಿ ಒಯ್ದರೆ ವಾಪಸ್ ಬರಬೇಕಾಗುತ್ತದೆ. ಹೊಸ ಗಿರಣಿಯಲ್ಲಿ ಜೋಳವೂ ಆಗುತ್ತದೆ, ಮೆಣಸಿನಕಾಯಿಯೂ ಆಗುತ್ತದೆ.

ಉಬುಂಟು 20.04ರಲ್ಲಿರುವುದು ಜಿಲಿಬ್‌ಸಿ 2.31, 24.04ರಲ್ಲಿ 2.39. 2021ರ ಆಗಸ್ಟ್‌ನಲ್ಲಿ ಬಂದ 2.34ರಲ್ಲಿ ಪ್ರೋಗ್ರಾಂ ಶುರು ಮಾಡುವ ಕೆಲಸಕ್ಕೇ ಹೊಸ ಚೀಟಿ ಬಿತ್ತು. ಹಾಗಾಗಿ "ನಮಸ್ಕಾರ" ಎಂದಷ್ಟೇ ಬರೆಯುವ ಪ್ರೋಗ್ರಾಂ ಕೂಡ ಹೊಸದರಲ್ಲಿ ಕಂಪೈಲ್ ಆದರೆ ಹಳೆಯದರಲ್ಲಿ "2.34 ಸಿಗಲಿಲ್ಲ" ಎಂದು ನಿಲ್ಲುತ್ತದೆ.

ಪತ್ತೆ ಮಾಡುವುದು ಹೇಗೆ?

1. ಟರ್ಮಿನಲ್‌ನಿಂದಲೇ ಪ್ರೋಗ್ರಾಂ ಓಡಿಸಿ, ಸಂದೇಶ ಪೂರ್ತಿ ಓದಿ. ಫೈಲ್ ಇಲ್ಲ ಎನ್ನುತ್ತದೆಯೋ, ಆವೃತ್ತಿ ಇಲ್ಲ ಎನ್ನುತ್ತದೆಯೋ ಗಮನಿಸಿ.

2. ಎಲ್‌ಡಿಡಿ ಆದೇಶಕ್ಕೆ ಪ್ರೋಗ್ರಾಂ ಹೆಸರು ಕೊಡಿ. ಯಾವ ಲೈಬ್ರರಿ ಎಲ್ಲಿ ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ತೋರಿಸುತ್ತದೆ. ಆದರೆ ಯಾರೋ ಕಳಿಸಿದ, ನಂಬಿಕೆಯಿಲ್ಲದ ಫೈಲ್ ಮೇಲೆ ಇದನ್ನು ಬಳಸಬೇಡಿ. ಕೆಲವು ಸಂದರ್ಭಗಳಲ್ಲಿ ಎಲ್‌ಡಿಡಿ ಆ ಪ್ರೋಗ್ರಾಂ ಅನ್ನೇ ಓಡಿಸಿಬಿಡಬಹುದು.

3. ಆಬ್ಜ್‌ಡಂಪ್ ಆದೇಶವನ್ನು ಮೈನಸ್ ಪಿ ಜೊತೆ ಕೊಡಿ. ಇದು ಫೈಲನ್ನು ಓದುತ್ತದೆ, ಓಡಿಸುವುದಿಲ್ಲ. ಬೇಕಾದ ಲೈಬ್ರರಿಗಳೂ ಆವೃತ್ತಿಯ ಚೀಟಿಗಳೂ ಇದರಲ್ಲಿ ಕಾಣುತ್ತವೆ.

4. ನಿಮ್ಮ ಕಂಪ್ಯೂಟರಿನಲ್ಲಿ ಏನಿದೆ ನೋಡಿ. ಎಲ್‌ಡಿಡಿಗೆ ವರ್ಷನ್ ಎಂಬ ಆಯ್ಕೆ ಕೊಟ್ಟರೆ ಜಿಲಿಬ್‌ಸಿಯ ಆವೃತ್ತಿ ಹೇಳುತ್ತದೆ. ಬೇಕಾದದ್ದು 2.34, ಇರುವುದು 2.31 ಎಂದು ಗೊತ್ತಾದರೆ ಕಾರಣ ಸಿಕ್ಕಂತೆ.

ಮಾಡಬಾರದ್ದು

ಜಿಲಿಬ್‌ಸಿಯ ಫೈಲನ್ನು ಎಲ್ಲಿಂದಲೋ ಇಳಿಸಿ ಹಳೆಯದರ ಮೇಲೆ ಹಾಕಬೇಡಿ. ಫೈಲ್ ನಕಲು ಮಾಡುವ, ಪಟ್ಟಿ ತೋರಿಸುವ ಸಾಮಾನ್ಯ ಆದೇಶಗಳೂ ಅದನ್ನೇ ನಂಬಿವೆ. ಅದು ಕೆಟ್ಟರೆ ತಪ್ಪು ಸರಿಪಡಿಸುವ ಆದೇಶವೂ ಓಡುವುದಿಲ್ಲ. ಪೆನ್‌ಡ್ರೈವ್‌ನಿಂದ ಬೇರೆ ಲಿನಕ್ಸ್ ಶುರು ಮಾಡಿ ರಿಪೇರಿ ಮಾಡಬೇಕು. ಗುರುತಿಲ್ಲದ ಜಾಗದ ಲೈಬ್ರರಿಯಲ್ಲಿ ಕೆಟ್ಟ ಕೋಡ್ ಇರುವ ಅಪಾಯ ಬೇರೆ.

4ನೇ ಸಂಖ್ಯೆಯ ಲೈಬ್ರರಿಗೆ 5 ಎಂಬ ಹೆಸರಿನ ಲಿಂಕ್ ಕೊಡುವುದೂ ಬೇಡ. ಬೋರ್ಡು ಬದಲಿಸಿದ ಮಾತ್ರಕ್ಕೆ ಯಂತ್ರ ಬದಲಾಗುವುದಿಲ್ಲ. ಪ್ರೋಗ್ರಾಂ ಮಧ್ಯದಲ್ಲಿ ಬೀಳಬಹುದು, ತಪ್ಪು ಫಲಿತಾಂಶವನ್ನೂ ಕೊಡಬಹುದು.

ಸರಿಯಾದ ದಾರಿ

ಪೆನ್‌ಡ್ರೈವ್‌ನಲ್ಲಿ ಕಂಪೈಲ್ ಆದ ಫೈಲ್ ಬದಲು ಮೂಲ ಕೋಡ್ ತನ್ನಿ. ಹಳೆ ಲ್ಯಾಪ್‌ಟಾಪ್‌ನಲ್ಲೇ, ಅದರದೇ ಟೆಸರಾಕ್ಟ್ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿ, ಮತ್ತೆ ಕಂಪೈಲ್ ಮಾಡಿ. ಆಗ ಪ್ರೋಗ್ರಾಂ ಅಲ್ಲಿರುವ ಆವೃತ್ತಿಗಳನ್ನಷ್ಟೇ ಕೇಳುತ್ತದೆ. ಹತ್ತಾರು ಕಂಪ್ಯೂಟರುಗಳಿಗೆ ಹಂಚಬೇಕಾದರೆ ಅವುಗಳಲ್ಲಿ ಅತಿ ಹಳೆಯದರ ಮೇಲೆ, ಅಥವಾ ಹೊಸ ಲ್ಯಾಪ್‌ಟಾಪ್‌ನಲ್ಲೇ ಡಾಕರ್ ಬಳಸಿ ಹಳೆಯ ಉಬುಂಟು ಒಳಗೆ ಕಂಪೈಲ್ ಮಾಡಿ. ಜಿಲಿಬ್‌ಸಿಯ ಮಟ್ಟಿಗೆ ಹಳೆಯದರಲ್ಲಿ ಆದದ್ದು ಹೊಸದರಲ್ಲೂ ಓಡುತ್ತದೆ. ಟೆಸರಾಕ್ಟ್‌ನಂತೆ ಸಂಖ್ಯೆ ಬದಲಾದ ಲೈಬ್ರರಿಗಳನ್ನು ಮಾತ್ರ ಪ್ರೋಗ್ರಾಂ ಜೊತೆಗೇ ಕೊಡಬೇಕು.

ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇನಲ್ಲಿ ಮುಗಿದಿದೆ. ಹಾಗಾಗಿ ಫೋಟೊಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟು, ಬಿಡುವಾದಾಗ ಇಡೀ ವ್ಯವಸ್ಥೆಯನ್ನು ಅಪ್‌ಗ್ರೇಡ್ ಮಾಡುವುದು ಒಳ್ಳೆಯದು. ಆದರೆ ಈ ಒಂದು ಸಂದೇಶಕ್ಕೆ ಹೆದರಿ ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ. ಪ್ರೋಗ್ರಾಂ ಹಾಳಾಗಿಲ್ಲ, ಕಂಪ್ಯೂಟರೂ ಹಾಳಾಗಿಲ್ಲ. ಒಂದು ಕೇಳಿದ್ದು ಇನ್ನೊಂದರ ಬಳಿ ಇಲ್ಲ, ಅಷ್ಟೇ.