ಗಾಜಿನ ತೊಟ್ಟಿಯ ಸಿಗಡಿಗೆ ಎಷ್ಟು ಆಹಾರ ಬೇಕು?

ಕಳೆದ ಓಣಂ ರಜೆಗೆ ಊರಿಗೆ ಹೊರಡುವ ಮುನ್ನ ನಮ್ಮ ಮನೆಯ ಮಕ್ಕಳು ಗಾಜಿನ ತೊಟ್ಟಿಯಲ್ಲಿದ್ದ ಕೆಂಪು ಸಿಗಡಿಗಳಿಗೆ ಹತ್ತು ದಿನಗಳ ಆಹಾರವನ್ನು ಒಮ್ಮೆಗೇ ಹಾಕಿದರು. ನಾವೂ ತಡೆಯಲಿಲ್ಲ, ಅವು ಹಸಿದಿರಬಾರದೆಂಬ ಕಾಳಜಿ ನಮಗೂ ಇತ್ತು. ಮರಳಿ ಬಂದಾಗ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ಸುಮಾರು 40 ಸಿಗಡಿಗಳಲ್ಲಿ ಉಳಿದಿದ್ದವು ಒಂಬತ್ತು. "ಅಪ್ಪಾ, ಊಟ ಹಾಕಿಯೇ ಹೋಗಿದ್ದೆವಲ್ಲ?" ಎಂದು ಅತ್ತ ಮಗುವಿಗೆ ಅಂದು ಸರಿಯಾದ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಮನೆಯಲ್ಲೋ ತರಗತಿಯಲ್ಲೋ ಸಿಗಡಿ ಸಾಕುತ್ತಿರುವವರಿಗಾಗಿ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ತುಳುವಿನಲ್ಲಿ ಎಟ್ಟಿ, ಮಲಯಾಳದಲ್ಲಿ ಚೆಮ್ಮೀನ್ ಎಂದು ನಮ್ಮ ಮಕ್ಕಳು ಬಲ್ಲ ಸಮುದ್ರದ ಸಿಗಡಿಯಲ್ಲ ಇದು. ಅಂಗಡಿಗಳಲ್ಲಿ ಚೆರ್ರಿ ಸಿಗಡಿ ಎಂದು ಮಾರುವ ಇದರ ಶಾಸ್ತ್ರೀಯ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಪೂರ್ವ ಏಷ್ಯಾದ ಸಿಹಿನೀರಿನ ಜೀವಿ. ಪೂರ್ತಿ ಬೆಳೆದರೂ ಎರಡು-ಮೂರು ಸೆಂಟಿಮೀಟರ್ ಉದ್ದ. ಕೆಂಪು ಬಣ್ಣ ಮನುಷ್ಯರು ಆಯ್ದು ಬೆಳೆಸಿದ್ದು. ಕಲ್ಲು, ಗಾಜು, ಎಲೆಗಳ ಮೇಲೆ ಬೆಳೆಯುವ ಪಾಚಿಯನ್ನೂ ಸೂಕ್ಷ್ಮಜೀವಿಗಳ ತೆಳುವಾದ ಜಾರು ಪೊರೆಯನ್ನೂ ಅದು ಹಗಲಿರುಳು ಕೆರೆದು ತಿನ್ನುತ್ತಲೇ ಇರುತ್ತದೆ. ನಮಗೆ ಬರಿದಾಗಿ ಕಾಣುವ ಕಲ್ಲು ಅದಕ್ಕೆ ಬಡಿಸಿಟ್ಟ ಎಲೆ. ಕೆಲವು ತಿಂಗಳು ಹಳೆಯದಾದ, ಗಿಡಗಳಿರುವ ತೊಟ್ಟಿಯಲ್ಲಿ ನಾವು ಹಾಕುವುದು ಮೇಲೋಗರ ಮಾತ್ರ.

ಹಾಗಾದರೆ ಕೊಂದದ್ದು ಯಾವುದು? ತಿಂದ ಆಹಾರವಲ್ಲ, ತಿನ್ನದೆ ಉಳಿದದ್ದು. ಅದು ಕೊಳೆಯುವಾಗ ಅಮೋನಿಯಾ ಹೊರಬರುತ್ತದೆ. ತೊಟ್ಟಿಯಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಆದರೆ ಅವು ನಿತ್ಯದ ಪ್ರಮಾಣಕ್ಕೆ ಒಗ್ಗಿಕೊಂಡಿರುತ್ತವೆ. ಒಮ್ಮೆಗೇ ಹತ್ತು ಪಟ್ಟು ಬಂದರೆ ಕೈಸೋಲುತ್ತವೆ. ಮೇಲಾಗಿ ಕೊಳೆಯುವ ಕ್ರಿಯೆಯೇ ನೀರಿನ ಆಮ್ಲಜನಕವನ್ನು ಹೀರುತ್ತದೆ. ಬಿಸಿಯಾದಷ್ಟೂ ನೀರಿನಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆ. ಕರಾವಳಿಯ ಸೆಕೆಯಲ್ಲಿ ಇದು ಚಿಕ್ಕ ಮಾತಲ್ಲ. 20 ಲೀಟರಿನ ತೊಟ್ಟಿ ಕೆರೆಯಂತಲ್ಲ, ತಪ್ಪನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ.

ಇಪ್ಪತ್ತು ಸಿಗಡಿಗಳಿಗೆ ಹೆಸರುಕಾಳಿಗಿಂತ ದೊಡ್ಡದಲ್ಲದ ಒಂದು ಗುಳಿಗೆ, ವಾರಕ್ಕೆ ಎರಡು ಅಥವಾ ಮೂರು ಬಾರಿ. ಇಲ್ಲಿಂದ ಆರಂಭಿಸಬಹುದು. ಅಳತೆಗಿಂತ ಗಮನ ಮುಖ್ಯ: ಗುಳಿಗೆಯನ್ನು ಗಾಜಿನ ಚಿಕ್ಕ ಬಟ್ಟಲಿಗೆ ಹಾಕಿ, ಗಡಿಯಾರ ನೋಡಿಕೊಳ್ಳಿ. ಹಸಿದ ಸಿಗಡಿಗಳು ಬೇಗನೆ ಮುತ್ತಿಕೊಳ್ಳುತ್ತವೆ. ಎರಡು ಗಂಟೆಯ ಬಳಿಕವೂ ಉಳಿದಿದ್ದರೆ ಬಟ್ಟಲನ್ನೇ ಎತ್ತಿಬಿಡಿ. ಮುಂದಿನ ಬಾರಿ ಅರ್ಧ ಸಾಕು. ಪಾಲಕ್ ಅಥವಾ ಮುಳ್ಳುಸೌತೆಯ ತೆಳು ಹೋಳನ್ನು ಒಂದು ನಿಮಿಷ ಕುದಿಸಿ, ತಣಿಸಿ ಕೊಡಬಹುದು. ಅದನ್ನೂ ಅದೇ ದಿನ ತೆಗೆಯಬೇಕು. ಸಿಗಡಿ ಕಳಚಿದ ಪಾರದರ್ಶಕ ಚಿಪ್ಪನ್ನು ಮಾತ್ರ ಸತ್ತ ಸಿಗಡಿಯೆಂದು ಭ್ರಮಿಸಿ ತೆಗೆಯಬೇಡಿ. ಅದನ್ನು ಅವೇ ತಿಂದು ಖನಿಜಾಂಶವನ್ನು ಮರಳಿ ಪಡೆಯುತ್ತವೆ.

ಬಸವನಹುಳುಗಳು ಏಕಾಏಕಿ ಹೆಚ್ಚಿದರೆ, ಗಾಜಿನ ಮೇಲೆ ಸಣ್ಣ ಬಿಳಿ ಹುಳುಗಳು ಹರಿದಾಡಿದರೆ ಆಹಾರ ಮಿಗುತ್ತಿದೆ ಎಂದರ್ಥ. ಸಿಗಡಿಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಸೇರಿದರೆ ಕಾಯುವಂತಿಲ್ಲ. ಕೊಳೆತದ್ದನ್ನು ಕೊಳವೆಯಿಂದ ಹೀರಿ ತೆಗೆದು, ಕಾಲು ಭಾಗದಷ್ಟು ನೀರನ್ನು ಅದೇ ಉಷ್ಣತೆಯ ಶುದ್ಧ ನೀರಿನಿಂದ ಬದಲಿಸಬೇಕು, ಗಾಳಿಯ ಪಂಪು ಇದ್ದರೆ ಹಾಕಬೇಕು. ಗಾಬರಿಯಲ್ಲಿ ಇಡೀ ನೀರನ್ನು ಚೆಲ್ಲಿದರೆ ಆ ಹಠಾತ್ ಬದಲಾವಣೆಯೇ ಇನ್ನಷ್ಟನ್ನು ಕೊಲ್ಲಬಹುದು.

ಮರಿಗಳಿದ್ದರೆ ಹೆಚ್ಚು ಹಾಕಬೇಕಲ್ಲವೇ ಎಂದು ಹಲವರು ಕೇಳುತ್ತಾರೆ. ಎರಡು ಮಿಲಿಮೀಟರಿನ ಮರಿ ಬಟ್ಟಲಿನವರೆಗೆ ಬರುವುದು ಕಡಿಮೆ. ಇದ್ದಲ್ಲೇ ಪೊರೆಯನ್ನು ಮೇಯುತ್ತದೆ. ಅದಕ್ಕೆ ಬೇಕಾದುದು ಒಣಗಿದ ಎಲೆ. ಕಾಡುಬಾದಾಮಿಯ ತರಗೆಲೆಯನ್ನು ತೊಳೆದು ಹಾಕಿದರೆ ಅದು ವಾರಗಟ್ಟಲೆ ನಿಧಾನವಾಗಿ ಕರಗುತ್ತ ಪೊರೆಯನ್ನು ಬೆಳೆಸುತ್ತದೆ. ಹೊಸೂರು, ಮಡಕಶಿರಾ ಕಡೆಯ ರೇಷ್ಮೆ ಬೆಳೆಗಾರರ ಮನೆಯವರಿಗೆ ಹಿಪ್ಪುನೇರಳೆ ಎಲೆ ಇನ್ನೂ ಸುಲಭ. ಔಷಧ ಸಿಂಪಡಿಸಿದ್ದು ಬೇಡ. ಕಾಸರಗೋಡಿನವರು ಅಡಕೆ ತೋಟದೊಳಗಿನ ಎಲೆಯನ್ನು ಮುಟ್ಟದಿರುವುದೇ ಲೇಸು. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನ ಮೈಲುತುತ್ತಿನಲ್ಲಿ ತಾಮ್ರವಿದೆ. ಅತ್ಯಲ್ಪ ತಾಮ್ರವೂ ಸಿಗಡಿಗೆ ವಿಷ. ಮದ್ದು ಬಿಟ್ಟು ಬಂದ ಕೈಯನ್ನು ತೊಳೆಯದೆ ತೊಟ್ಟಿಗೆ ಅದ್ದಬಾರದೆಂದು ಬೇರೆ ಹೇಳಬೇಕಿಲ್ಲ.

ಕ್ರಿಸ್ಮಸ್ ರಜೆಯ ಹತ್ತು ದಿನವೂ ನಾವು ಮನೆಯಲ್ಲಿರಲಿಲ್ಲ. ತೊಟ್ಟಿಗೆ ಒಂದು ಕಾಡುಬಾದಾಮಿ ಎಲೆಯ ಹೊರತು ಏನನ್ನೂ ಹಾಕಲಿಲ್ಲ. ಆಹಾರದ ಡಬ್ಬಿಯನ್ನು ಮಗು ತಾನೇ ಕಪಾಟಿನ ಮೇಲಿಟ್ಟು ಬಂದಿತ್ತು. ಬಂದು ನೋಡಿದಾಗ ಒಂಬತ್ತೂ ಇದ್ದವು. ಒಂದು ಹೆಣ್ಣಿನ ಹೊಟ್ಟೆಯಡಿ ಮೊಟ್ಟೆಗಳ ಗೊಂಚಲು ಇತ್ತು.